ಎರಡು ನಟ್ ಇದ್ದರೆ ಕೋನ ಗೊತ್ತಾಗುತ್ತದೆ

ಡ್ರಿಲ್ ಬಿಟ್ ಸಾಣೆಗೆ ಅದಕ್ಕೆಂದೇ ಇರುವ ಯಂತ್ರ ಬೇಕು, ಕೈಯಲ್ಲಿ ಹಿಡಿದು ಆಗದು ಎಂದು ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾರೆ ಸಾರ್. ಪೀಣ್ಯದ ವರ್ಕ್‌ಶಾಪಿನಲ್ಲಿ ನಾನು ಕೆಲಸ ಕಲಿತದ್ದೇ ಬೆಂಚ್ ಗ್ರೈಂಡರ್ (ಸಾಣೆಕಲ್ಲು ತಿರುಗಿಸುವ ಮೋಟಾರು) ಮುಂದೆ ನಿಂತು. ಸಾಮಾನ್ಯ ಬಿಟ್‌ನ ತುದಿಯ ಕೋನ 118 ಡಿಗ್ರಿ, ಅಂದರೆ ಕಲ್ಲಿನ ಮುಖಕ್ಕೆ 59 ಡಿಗ್ರಿ ಓರೆಯಾಗಿ ಹಿಡಿಯಬೇಕು. ಕೋನ ಅಳೆಯುವ ಗೇಜ್ ಇಲ್ಲವೇ? ಎರಡು ಆರು ಮೂಲೆಯ ನಟ್‌ಗಳನ್ನು ಚಪ್ಪಟೆ ಬದಿಗೆ ಚಪ್ಪಟೆ ಬದಿ ತಾಗಿಸಿಡಿ, ನಡುವಿನ ಸಂದು 120 ಡಿಗ್ರಿ, ಹೆಚ್ಚುಕಮ್ಮಿ ಅಷ್ಟೇ. ತುದಿ ಅದರಲ್ಲಿ ಕೂತರೆ ಆಯಿತು.

ಹೊಸಬರು ಎಡವುವುದು ಇಲ್ಲಲ್ಲ, ಅಂಚಿನ ಹಿಂದೆ. ಕತ್ತರಿಸುವ ಅಂಚಿಗಿಂತ ಅದರ ಹಿಂದಿನ ಮೈ ತಗ್ಗಿರಬೇಕು. ಇಲ್ಲದಿದ್ದರೆ ಬಿಟ್ ಕೊರೆಯುವುದಿಲ್ಲ, ಬರೀ ಉಜ್ಜಿ ಕಾಯುತ್ತದೆ. ಎರಡು ಅಂಚುಗಳ ಉದ್ದ ಹೆಚ್ಚುಕಮ್ಮಿಯಾದರೆ ತೂತು ದೊಡ್ಡದಾಗುತ್ತದೆ. ಮೊದಲ ತಿಂಗಳು ನನ್ನವೆಲ್ಲ ಹಾಗೇ ಆದವು. ಸರಿಯಾಗಿ ಸಾಣೆ ಹಿಡಿದಿದ್ದರೆ ಕಬ್ಬಿಣದ ಸುರುಳಿ ಎರಡೂ ಬದಿಯಿಂದ ಸಮನಾಗಿ ಏಳುತ್ತದೆ, ಅದನ್ನು ನೋಡುವುದೇ ಒಂದು ಖುಷಿ.

ತೀರಾ ಸಣ್ಣ ಬಿಟ್‌ಗಳಿಗೆ ಯಂತ್ರ ಇರಲಿ, ಇಲ್ಲವೇ ಹೊಸದೇ ತನ್ನಿ. ಗೋಡೆ ಕೊರೆಯುವ, ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ತುದಿ ಇರುವ ಬಿಟ್ ಅನ್ನು ಮಾಮೂಲಿ ಬೂದು ಕಲ್ಲಿಗೆ ಹಿಡಿಯಬೇಡಿ, ಅದಕ್ಕೆ ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಬೇಕು. ಸುರಕ್ಷತಾ ಕನ್ನಡಕ ಕಡ್ಡಾಯ. ಕೈಗವಸು ಮಾತ್ರ ಬೇಡ, ತಿರುಗುವ ಕಲ್ಲು ಅದನ್ನು ಎಳೆದುಕೊಂಡುಬಿಡುತ್ತದೆ.