ಕೆಂಪು ವೃತ್ತದೊಳಗಿನ ಮುಖ

ಬೆಳಿಗ್ಗೆ ಸಕಲೇಶಪುರದ ಹೋಟೆಲಿನಲ್ಲಿ ಕಡುಬು ತಿನ್ನುತ್ತಾ ಕೂತಿದ್ದೆ. ಟಿವಿಯಲ್ಲಿ ‘ಬೆಚ್ಚಿಬಿದ್ದ ಮಲೆನಾಡು!’ ಯಾವುದೋ ತೋಟದಲ್ಲಿ ಎರಡು ಮೂಟೆ ಮೆಣಸು ಕಳುವಾಗಿದೆ, ಅನುಮಾನದ ಮೇಲೆ ಅಸ್ಸಾಮಿನ ಹುಡುಗನೊಬ್ಬನನ್ನು ಕರೆದೊಯ್ದಿದ್ದಾರೆ. ಅವನು ಜೀಪು ಹತ್ತುವ ಆರು ಸೆಕೆಂಡಿನ ದೃಶ್ಯವನ್ನು ನಾನು ಕಾಫಿ ಮುಗಿಸುವಷ್ಟರಲ್ಲಿ ಹದಿನಾಲ್ಕು ಸಲ ತೋರಿಸಿದರು. ಎಣಿಸಿದ್ದೇನೆ. ಮುಖದ ಸುತ್ತ ಕೆಂಪು ವೃತ್ತ. ಹವಾಯಿ ಚಪ್ಪಲಿ ಒಂದೇ ಕಾಲಲ್ಲಿತ್ತು.

ಪಕ್ಕದ ಟೇಬಲಿನವರು, ‘ಇವರನ್ನೆಲ್ಲ ಓಡಿಸ್ಬೇಕು ಕಣ್ರೀ’ ಅಂದರು. ಇವರನ್ನೆಲ್ಲ! ಹಿಡಿದದ್ದು ಒಬ್ಬನನ್ನು, ಅದೂ ಅನುಮಾನದ ಮೇಲೆ.

ಮೂರು ವರ್ಷದ ಹಿಂದೆ ನಮ್ಮ ತೋಟದ ಕಣದಲ್ಲಿ ಒಣಹಾಕಿದ್ದ ಮೆಣಸೂ ಕಳುವಾಗಿತ್ತು, ಅದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಹೇಳ್ತೀನಿ. ಆ ರಾತ್ರಿ ಟಾರ್ಚ್ ಹಿಡಿದು ನಾನು ಮೊದಲು ಹೋಗಿದ್ದು ಹೊರಗಿನಿಂದ ಬಂದ ಕೂಲಿಯವರು ಇರುವ ಲೈನ್ ಮನೆಗೆ. ಮಲಗಿದ್ದವರನ್ನು ಎಬ್ಬಿಸಿ ಚೀಲ ಬಿಚ್ಚಿಸಿದೆ. ಒಳಗಿದ್ದದ್ದು ಮಗುವಿನ ಸ್ವೆಟರು, ಆಧಾರ್ ಕಾರ್ಡಿನ ಜೆರಾಕ್ಸು. ಚೀಲದ ಒಡತಿ ಒಂದು ಮಾತೂ ಆಡದೆ ಸ್ವೆಟರನ್ನು ಮತ್ತೆ ಮಡಿಸಿಟ್ಟಳು. ಕದ್ದವನು ನಮ್ಮೂರಿನವನೇ, ನಮ್ಮನೆ ಮದುವೆಯಲ್ಲಿ ಪಂಕ್ತಿಗೆ ಬಡಿಸಿದವನು. ಅವನ ಮುಖಕ್ಕೆ ಯಾರೂ ವೃತ್ತ ಎಳೆಯಲಿಲ್ಲ. ಮಲೆನಾಡು ಬೆಚ್ಚಿಬೀಳಲಿಲ್ಲ.

‘ಹಂಗಾದ್ರೆ ಹೊರಗಿನವರು ಕದಿಯೋದೇ ಇಲ್ವಾ?’ ಅಂತೀರಿ. ಕದೀತಾರೆ, ಕದ್ದವನಿಗೆ ಶಿಕ್ಷೆ ಆಗಲಿ. ಆದರೆ ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ ಸಾಕ್ಷಿಗಳಿಂದ ಗುರುತಿಸುವ ಗುರುತು ಪತ್ತೆ ಪರೇಡ್ ಆಗುವ ಮೊದಲೇ ಮುಖವನ್ನು ಮನೆಮನೆಗೆ ತೋರಿಸಿಬಿಟ್ಟರೆ ಆ ಪರೇಡಿಗೆ ಕೋರ್ಟಿನಲ್ಲಿ ಏನು ಬೆಲೆ? ನಿಜವಾದ ಕಳ್ಳನೇ ಆಗಿದ್ದರೂ ವಕೀಲರು ಅದನ್ನೇ ಹಿಡಿದು ಬಿಡಿಸಿಕೊಂಡು ಹೋಗುತ್ತಾರೆ.

1871ರಲ್ಲಿ ಬ್ರಿಟಿಷರು ಕಾನೂನು ತಂದು ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳು ಅಂತ ಹಣೆಪಟ್ಟಿ ಕಟ್ಟಿದರು. 1952ರಲ್ಲಿ ಅದು ರದ್ದಾಯಿತು. ಈಗ ಆ ಪಟ್ಟಿಯನ್ನು ಟಿವಿಯವರು ಕಟ್ಟುತ್ತಿದ್ದಾರೆ, ಮೊಬೈಲಿನಲ್ಲಿ ನಾವು ಹಂಚುತ್ತಿದ್ದೇವೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರಲ್ಲ, ಅವರ ಕೈಗೆ ಬಲ ಕೊಟ್ಟದ್ದು ವಾಟ್ಸಾಪಿನಲ್ಲಿ ಹರಿದಾಡಿದ ವದಂತಿ. ಹೊಡೆದವರಲ್ಲೂ ಮಕ್ಕಳೊಂದಿಗರು, ಹೆದರಿದವರು ಇದ್ದಿರಬೇಕು. ಆ ಹೆದರಿಕೆಯನ್ನು ದಿನಾ ಬೆಳಿಗ್ಗೆ ನಮಗೆ ತಿಂಡಿಯ ಜೊತೆ ಬಡಿಸುತ್ತಾರಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ನಾನು ಟಾರ್ಚ್ ಹಿಡಿದು ಹೋದಾಗ ಕೈಯಲ್ಲಿದ್ದದ್ದೂ ಅದೇ ಹೆದರಿಕೆ. ಇವತ್ತಿಗೂ ಕ್ಷಮೆ ಕೇಳಿಲ್ಲ. ಆ ಸಂಸಾರ ಈಗ ಬೇಲೂರು ಕಡೆಯ ತೋಟವೊಂದರಲ್ಲಿದೆಯಂತೆ. ಭಾನುವಾರ ಹೋಗಿಬರ್ತೀನಿ.