ಅಕ್ಕನ ನೋಟ್‌ಬುಕ್ಕು, ವಾರಕ್ಕೊಂದು ದಿನ

ನಮ್ಮ ತಂಡದಲ್ಲಿ ಒಬ್ಬ ಅಕ್ಕ ಇದ್ದರು. ಮಕ್ಕಳ ರಕ್ಷಣೆಯ ಕೆಲಸದಲ್ಲಿ ನನಗಿಂತ ತುಂಬಾ ಹಿರಿಯರು. ಬಾಲಗೃಹದಿಂದ ಮನೆಗೆ ವಾಪಸ್ ಹೋದ ಮಕ್ಕಳು ಹೇಗಿದ್ದಾರೆ ಅಂತ ಹೋಗಿ ನೋಡಿಕೊಂಡು ಬರುವುದು ಅವರ ಕೆಲಸ. ಬ್ಯಾಗಿನಲ್ಲಿ ಆಫೀಸಿನ ಫಾರ್ಮ್‌ಗಳ ಜೊತೆ ಒಂದು ನೋಟ್‌ಬುಕ್ಕೂ ಇರುತ್ತಿತ್ತು. ಫಾರ್ಮಿನಲ್ಲಿ ಜಾಗ ಇಲ್ಲದ್ದನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಬಾಗಿಲು ತೆಗೆದವರು ಯಾರು. ಮಗು ಎಲ್ಲಿ ಕೂತಿತ್ತು. ನಾವು ಪ್ರಶ್ನೆ ಕೇಳಿದಾಗ ಅಮ್ಮ ಉತ್ತರ ಕೊಡುವ ಮೊದಲು ಯಾರ ಮುಖ ನೋಡಿದರು. ಹೆಸರು ಮಾತ್ರ ಬರೆಯುತ್ತಿರಲಿಲ್ಲ. ಒಂದೊಂದು ಮನೆಗೆ ಒಂದೊಂದು ಗುರುತು, ಅಷ್ಟೇ.

ಒಂದು ದಿನ ವಾಪಸ್ ಬರುವಾಗ ಅಂದರು: "ನೋಡು, ಮನೆಗೆ ಕಳಿಸಿದ ಮಕ್ಕಳಲ್ಲಿ ಕೆಲವರು ಮತ್ತೆ ನಮ್ಮ ಹತ್ರಾನೇ ಬಂದ್ರಲ್ಲ, ಆ ಮನೆಗಳಲ್ಲೆಲ್ಲ ನಾವು ಅಪ್ಪನ್ನ ಮಾತಾಡಿಸಿದೀವಿ, ಅಮ್ಮನ್ನ ಮಾತಾಡಿಸಿದೀವಿ. ಆ ಮಗೂಗೆ ಒಬ್ಬ ಅಣ್ಣನೋ ಅಕ್ಕನೋ ಇರ್ತಾರಲ್ಲ, ಅವ್ರನ್ನ ಒಂದ್ಸಲಾನೂ ಮಾತಾಡಿಸಿಲ್ಲ."

ನಾನು ಸುಮ್ಮನಾಗಿಬಿಟ್ಟೆ. ಯಾಕೆಂದರೆ ಅದು ನಿಜ ಅನ್ನಿಸಿತು. ಚಿಕ್ಕದನ್ನು ಎಬ್ಬಿಸಿ ಶಾಲೆಗೆ ಹೊರಡಿಸುವುದು ಆ ದೊಡ್ಡ ಮಗು. ರಾತ್ರಿ ಪಕ್ಕದಲ್ಲಿ ಮಲಗುವುದೂ ಅದೇ. ಇಷ್ಟು ದಿನ ಇಲ್ಲದಿದ್ದ ತಮ್ಮನೋ ತಂಗಿಯೋ ಒಂದು ದಿನ ದಿಢೀರನೆ ಬಂದು ಅರ್ಧ ಹಾಸಿಗೆ ಹಂಚಿಕೊಳ್ಳಬೇಕಾದಾಗ ಅದಕ್ಕೆ ಏನನ್ನಿಸುತ್ತದೆ ಅಂತ ನಮ್ಮ ಯಾವ ಫಾರ್ಮೂ ಕೇಳುವುದಿಲ್ಲ.

ಅಕ್ಕನಿಗೆ ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಬೇಕಿತ್ತು. ತಾನು ಅಂದುಕೊಂಡಿದ್ದು ಹೌದೋ ಅಲ್ಲವೋ ಅಂತ. ಹಳೆಯ ಕೇಸ್ ಫೈಲುಗಳನ್ನು ತೆಗೆದು, ಮನೆಯಲ್ಲೇ ಉಳಿದ ಮಕ್ಕಳನ್ನೂ ಮತ್ತೆ ಬಾಲಗೃಹಕ್ಕೆ ಬಂದ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ಅದಕ್ಕೆ ವಾರಕ್ಕೆ ಒಂದು ದಿನ ಕೇಳಿದರು. ಕೆಲಸ ಮುಗಿದ ಮೇಲೆ ಮಾಡಿಕೊಳ್ಳಿ ಅಂತ ಉತ್ತರ ಬಂತು. ಈ ಕೆಲಸ ಮುಗಿಯುವುದು ಯಾವಾಗ? ಆದರೂ ಸಂಜೆ ಕೂತರು. ರಜೆಯಲ್ಲೂ ಬಂದು ಕೂತರು. ಫೈಲು ಮನೆಗೆ ಒಯ್ಯುವಂತಿಲ್ಲ, ಅದು ಸರಿಯಾದ ನಿಯಮವೇ. ಸ್ವಲ್ಪ ದಿನ ಹೀಗೇ ನಡೆಯಿತು. ಆಮೇಲೆ ತಂಡದಲ್ಲಿ ಇಬ್ಬರು ಕೆಲಸ ಬಿಟ್ಟರು, ಅವರ ಕೇಸುಗಳೂ ಅಕ್ಕನ ಪಾಲಿಗೇ ಬಂದವು. ನೋಟ್‌ಬುಕ್ ಅಲ್ಲಿಗೇ ನಿಂತಿತು.

ಅದಾದ ಮೇಲೆ ವಿಶ್ವವಿದ್ಯಾಲಯವೊಂದರ ತಂಡ ಬಂತು. ಅವರ ವಿಷಯವೂ ಇದೇ, ಮನೆಗೆ ವಾಪಸಾದ ಮಕ್ಕಳು. ದೊಡ್ಡ ಅನುದಾನ ಸಿಕ್ಕಿತ್ತು. ಒಳ್ಳೆಯ ಜನ, ಕೆಲಸ ಗೊತ್ತಿದ್ದವರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ಫಾರ್ಮ್‌ಗಳನ್ನು ಹಿಡಿದು ಮನೆಮನೆಗೆ ಹೋಗಿ ತುಂಬಿಸಿಕೊಂಡು ಬಂದವರು ನಾವು. ಅದರಲ್ಲಿ ಮನೆಯ ಆದಾಯದ ಪ್ರಶ್ನೆ ಇತ್ತು, ಅಪ್ಪ ಅಮ್ಮನ ಓದಿನ ಪ್ರಶ್ನೆ ಇತ್ತು. ಅಣ್ಣ ಅಕ್ಕಂದಿರ ಬಗ್ಗೆ ಇದ್ದದ್ದು ಒಂದೇ: "ಒಡಹುಟ್ಟಿದವರ ಸಂಖ್ಯೆ". ಅಕ್ಕ ಆ ಕಾಲಂನಲ್ಲಿ ಸಂಖ್ಯೆ ಬರೆಯುವಾಗ ಪೆನ್ನು ನಿಲ್ಲಿಸಿ ಒಂದು ಕ್ಷಣ ನನ್ನ ಕಡೆ ನೋಡಿದರು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮಂಥ ಕೆಲಸದ, ಅಂದರೆ ಸಮಾಜಕಾರ್ಯದ, ಸಂಶೋಧನೆಗೆ ದುಡ್ಡು ಕೊಡುವವರು ಯಾರೇ ಇರಲಿ, ಸರ್ಕಾರ ಇರಲಿ, ಪ್ರತಿಷ್ಠಾನಗಳಿರಲಿ, ಅವರಿಗೆ ನನ್ನದೊಂದು ಕೋರಿಕೆ ಇದೆ. ಅದರಲ್ಲಿ ಒಂದು ಪಾಲನ್ನು ಫೀಲ್ಡಿನಲ್ಲಿ ಕೆಲಸ ಮಾಡುವವರ ಕೈಗೇ ಕೊಡಿ. ಫಾರ್ಮ್ ತುಂಬಿಸಿಕೊಂಡು ಬರುವ ಕೂಲಿಯಾಗಿ ಬೇಡ, ಅವರದೇ ಪ್ರಶ್ನೆಯನ್ನು ಅವರೇ ಹುಡುಕುವುದಕ್ಕೆ ಕೊಡಿ. ಮತ್ತು ಆ ದುಡ್ಡಿನಲ್ಲಿ ಮೊದಲು ಸಮಯವನ್ನು ಕೊಂಡುಕೊಡಿ.

ಸಮಯ ಅಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ. ಇಲ್ಲೇ ಎಲ್ಲ ಎಡವುವುದು. ನಾನು ನೋಡಿದ ಅನುದಾನದ ಅರ್ಜಿಗಳಲ್ಲಿ ಪ್ರಯಾಣಕ್ಕೆ ಕಾಲಂ ಇದೆ. ಲ್ಯಾಪ್‌ಟಾಪಿಗೆ ಇದೆ, ಮುದ್ರಣಕ್ಕೆ ಇದೆ, ಕೊನೆಗೆ ಒಂದು ಕಾರ್ಯಾಗಾರಕ್ಕೂ ಇದೆ. ನಾನು ಸಂಶೋಧನೆಗೆ ಕೂತ ದಿನ ನನ್ನ ಕೇಸುಗಳನ್ನು ನೋಡಿಕೊಳ್ಳುವವರ ಸಂಬಳಕ್ಕೆ ಕಾಲಂ ಇಲ್ಲ. ನಮ್ಮ ಕೆಲಸದಲ್ಲಿ ಒಂದು ದಿನ ತಪ್ಪಿದರೆ ಮಗುವೊಂದು ಕಾಯುತ್ತಾ ಕೂರುತ್ತದೆ. ನ್ಯಾಯಾಲಯದ ತಾರೀಖು ಬರುತ್ತದೆ, ಆಸ್ಪತ್ರೆಯಿಂದ ಫೋನ್ ಬರುತ್ತದೆ. ಮನಸ್ಸಿರುವ ಯಾವ ಕಾರ್ಯಕರ್ತೆಯೂ ಅದನ್ನು ಬಿಟ್ಟು ಫೈಲ್ ಎಣಿಸುತ್ತಾ ಕೂರಲು ಒಪ್ಪುವುದಿಲ್ಲ. ಹಾಗಾಗಿ ಬದಲಿ ವ್ಯಕ್ತಿಯ ಸಂಬಳ ಬಜೆಟ್ಟಿನಲ್ಲಿ ಇಲ್ಲ ಅಂದರೆ, ಅನುದಾನ ಮಂಜೂರಾದರೂ ಸಂಶೋಧನೆ ನಡೆಯುವುದಿಲ್ಲ. ನಡೆದರೆ ಅದು ಯಾರದೋ ನಿದ್ದೆಯಿಂದ ಕಿತ್ತುಕೊಂಡ ಹೊತ್ತಿನಲ್ಲಿ ನಡೆಯುತ್ತದೆ.

ವೈದ್ಯರ ಲೋಕ ಇದನ್ನು ಯಾವಾಗಲೋ ಅರ್ಥ ಮಾಡಿಕೊಂಡಿದೆ. ರೋಗಿಗಳನ್ನು ನೋಡುತ್ತಲೇ ಸಂಶೋಧನೆ ಮಾಡುವ ವೈದ್ಯರಿಗೆ ಇಂತಿಷ್ಟು ದಿನ ಅಂತ ಮೀಸಲಿಟ್ಟ ಹುದ್ದೆಗಳು ಎಷ್ಟೋ ದೇಶಗಳಲ್ಲಿವೆ. ಅವರನ್ನು ಯಾರೂ ಸಂಜೆ ಬಂದು ಮಾಡಿಕೊಳ್ಳಿ ಅನ್ನುವುದಿಲ್ಲ. ಬ್ರಿಟನ್ನಿನಲ್ಲಿ ಆರೋಗ್ಯ ಸಂಶೋಧನೆಗೆ ದುಡ್ಡು ಕೊಡಲು 2006ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ 2009ರಲ್ಲಿ ಸಾಮಾಜಿಕ ಆರೈಕೆಯ, ಅಂದರೆ ವಯಸ್ಸಾದವರು, ಅಂಗವಿಕಲರು ಇಂಥವರ ದಿನದ ಬದುಕಿಗೆ ಆಸರೆ ಕೊಡುವ ಕೆಲಸದ, ಸಂಶೋಧನೆಗೆ ಅಂತಲೇ ಒಂದು ವಿಭಾಗ ತೆರೆಯಿತು. 2022ರಲ್ಲಿ ತನ್ನ ಹೆಸರಿನಲ್ಲೇ ಆರೋಗ್ಯದ ಪಕ್ಕ 'ಆರೈಕೆ' ಅನ್ನುವ ಪದ ಸೇರಿಸಿಕೊಂಡಿತು. ಹೆಸರು ಸೇರಿಸಲು ಹದಿನಾರು ವರ್ಷ ಬೇಕಾಯಿತು. ಆದರೂ ಸೇರಿಸಿದರಲ್ಲ, ಅದು ನನಗೆ ಖುಷಿ.

ಸಮಾಜಕಾರ್ಯ ಹುಟ್ಟಿದ್ದೇ ಹೀಗೆ ಅನ್ನುವುದನ್ನು ನಾವು ಮರೆತಿದ್ದೇವೆ. ಷಿಕಾಗೋದ ಹಲ್ ಹೌಸ್ ನೆನಪಿಸಿಕೊಳ್ಳಿ. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ವಲಸೆ ಬಂದ ಬಡವರ ಕೇರಿಯ ನಡುವೆ ಮನೆ ಮಾಡಿ ಅಲ್ಲೇ ಬದುಕತೊಡಗಿದರು. ಫ್ಲಾರೆನ್ಸ್ ಕೆಲ್ಲಿ ಅನ್ನುವ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬಂದು ಸೇರಿದಳು. 1893ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಗೆ ದೊಡ್ಡ ಊರುಗಳ ಕೊಳೆಗೇರಿಗಳ ಸಮೀಕ್ಷೆ ಬೇಕಾಗಿತ್ತು. ಷಿಕಾಗೋದ ಪಾಲಿನ ಕೆಲಸವನ್ನು ಕೆಲ್ಲಿಗೇ ವಹಿಸಿದರು. ಆ ಮಾಹಿತಿ ಇಟ್ಟುಕೊಂಡು ಹಲ್ ಹೌಸಿನವರು ಮನೆಮನೆಗೂ ಬಣ್ಣ ಹಾಕಿ ನಕ್ಷೆ ಮಾಡಿದರು. ಯಾವ ಮನೆಯವರು ಯಾವ ದೇಶದಿಂದ ಬಂದವರು ಅಂತ ಒಂದು, ವಾರಕ್ಕೆ ಎಷ್ಟು ದುಡಿಯುತ್ತಾರೆ ಅಂತ ಇನ್ನೊಂದು. 1895ರಲ್ಲಿ ಅವು ಪುಸ್ತಕವಾಗಿ ಅಚ್ಚಾದವು.

ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ದುಡ್ಡು ಹೋದ ದಾರಿ. ಸರ್ಕಾರದ ದುಡ್ಡು ಆ ಕೇರಿಯಲ್ಲೇ ವಾಸ ಮಾಡುತ್ತಿದ್ದವಳ ಕೈಗೆ ಹೋಯಿತು. ಮನೆಗಳಲ್ಲಿ ಕೂತು ಬಟ್ಟೆ ಹೊಲಿಯುವ ಕೆಲಸದ ಬಗ್ಗೆ ಅವಳು ಅದಕ್ಕೂ ಮೊದಲೇ ಷಿಕಾಗೋ ಇರುವ ಇಲಿನಾಯ್ ರಾಜ್ಯಕ್ಕಾಗಿ ತನಿಖೆ ಮಾಡಿದ್ದಳು. 1893ರಲ್ಲಿ ಆ ರಾಜ್ಯ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಬಾರದು ಅಂತ ಕಾನೂನು ತಂದಾಗ, ಅದನ್ನು ಜಾರಿ ಮಾಡುವ ಮುಖ್ಯ ಇನ್‌ಸ್ಪೆಕ್ಟರ್ ಹುದ್ದೆಯನ್ನೂ ಅವಳಿಗೇ ಕೊಟ್ಟರು. ನೋಡಿದವಳು, ಎಣಿಸಿದವಳು, ಬದಲಾಯಿಸಲು ಹೊರಟವಳು, ಮೂವರೂ ಒಬ್ಬಳೇ. ಆಮೇಲಿನ ಕಾಲದಲ್ಲಿ ನಾವು ಈ ಮೂರನ್ನೂ ಬೇರೆಬೇರೆ ಆಫೀಸುಗಳಿಗೆ ಹಂಚಿಬಿಟ್ಟೆವು.

ಈಗ ಇದಕ್ಕೆ ಬರುವ ಆಕ್ಷೇಪ. ಕೆಲಸ ಮಾಡುವವರೇ ತಮ್ಮ ಕೆಲಸವನ್ನು ಅಳೆದರೆ ಚೆನ್ನಾಗಿದೆ ಅಂತಲೇ ಬರೆಯುವುದಿಲ್ಲವಾ? ಈ ಪ್ರಶ್ನೆ ಕೇಳುವವರು ಸುಮ್ನೆ ಕೇಳುವುದಿಲ್ಲ. ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು.

ರಿಚರ್ಡ್ ಕ್ಯಾಬಟ್ ಅಂತ ಬಾಸ್ಟನ್ನಿನ ವೈದ್ಯರೊಬ್ಬರಿದ್ದರು. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರು ಇರಬೇಕು ಅಂತ 1905ರಲ್ಲೇ ವ್ಯವಸ್ಥೆ ಮಾಡಿದವರು. ನೀವು ಮಾಡುವ ಕೆಲಸದಿಂದ ಏನಾಯಿತು ಅಂತ ಅಳೆದು ನೋಡಿ ಎಂದು 1931ರಲ್ಲಿ ಸಮಾಜ ಕಾರ್ಯಕರ್ತರ ಸಮ್ಮೇಳನದಲ್ಲಿ ಬೇಡಿಕೊಂಡರು. ಆಮೇಲೆ ತಾವೇ ಒಂದು ಅಧ್ಯಯನ ಶುರು ಮಾಡಿಸಿದರು. ಬಾಸ್ಟನ್ ಹತ್ತಿರದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಅನ್ನುವ ಪಕ್ಕಪಕ್ಕದ ಊರುಗಳ 506 ಹುಡುಗರನ್ನು ಎರಡು ಗುಂಪು ಮಾಡಿದರು. 1939ರಿಂದ 1945ರವರೆಗೆ ಒಂದು ಗುಂಪಿನ ಹುಡುಗರ ಮನೆಗೆ ಕಾರ್ಯಕರ್ತರು ಹೋಗಿ ಬರುತ್ತಿದ್ದರು, ಪಾಠಕ್ಕೆ ಸಹಾಯ ಮಾಡಿಸಿದರು, ಬೇಸಿಗೆ ಶಿಬಿರಕ್ಕೆ ಕಳಿಸಿದರು. ಇನ್ನೊಂದು ಗುಂಪನ್ನು ಅವರ ಪಾಡಿಗೆ ಬಿಟ್ಟರು. ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಾಯ ಪಡೆದ ಗಂಡಸರಲ್ಲಿ ಬಹಳ ಜನ ಅದರಿಂದ ನಮಗೆ ಒಳ್ಳೆಯದಾಯಿತು ಅಂತಲೇ ಹೇಳಿದರು. ಆದರೆ ದಾಖಲೆಗಳನ್ನು ಹೋಲಿಸಿ ನೋಡಿದರೆ, ಕುಡಿತದ ಲಕ್ಷಣ, ಮತ್ತೆಮತ್ತೆ ಅಪರಾಧ, ಬೇಗ ಸಾವು, ಇಂಥ ಹಲವು ವಿಷಯಗಳಲ್ಲಿ ಅವರದೇ ಪರಿಸ್ಥಿತಿ ಕೆಟ್ಟದಾಗಿತ್ತು.

ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆ ಕಾರ್ಯಕರ್ತರಿಗೆ ಪ್ರೀತಿ ಇತ್ತು, ಹುಡುಗರೂ ಅವರನ್ನು ನೆನೆಸಿಕೊಂಡರು. ಆದರೂ ಹಾನಿಯಾಗಿತ್ತು. ಎರಡನೇ ಗುಂಪನ್ನು ಇಟ್ಟುಕೊಂಡು ಹೋಲಿಸದೇ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಫೀಲ್ಡಿನವರ ಅನುಭವವೇ ಸಾಕು, ವಿಧಾನ ಬೇಕಿಲ್ಲ ಅನ್ನುವ ವಾದ ನನ್ನದಲ್ಲ. ಅಕ್ಕನ ಊಹೆಯೂ ತಪ್ಪಿರಬಹುದು. ತಪ್ಪೋ ಸರಿಯೋ ಗೊತ್ತಾಗಲಿ ಅಂತಲೇ ತಾನೇ ಅವರು ವಾರಕ್ಕೊಂದು ದಿನ ಕೇಳಿದ್ದು? ವಿಧಾನ ಕಲಿಸುವವರನ್ನು ಜೊತೆಗೆ ಕೊಡಿ. ವಿಶ್ವವಿದ್ಯಾಲಯದವರು ಬರಲಿ, ಲೆಕ್ಕ ಹೇಗೆ ಮಾಡಬೇಕು, ಹೋಲಿಕೆ ಎಲ್ಲಿ ತಪ್ಪುತ್ತದೆ ಅಂತ ಹೇಳಿಕೊಡಲಿ. ಅವರಿಗೂ ಆ ಹೊತ್ತಿಗೆ ಸಂಬಳ ಸಿಗಲಿ. ಪ್ರಶ್ನೆ ಮಾತ್ರ ಕೇಳಿದವರ ಕೈಯಲ್ಲೇ ಉಳಿಯಲಿ.

ಇದಕ್ಕೆ ಅನುದಾನದ ನಿಯಮಗಳೂ ಸ್ವಲ್ಪ ಬಾಗಬೇಕು. ಮುಖ್ಯ ಸಂಶೋಧಕರಿಗೆ ಪಿಎಚ್‌ಡಿ ಇರಬೇಕು, ಪ್ರಕಟಿತ ಲೇಖನಗಳ ಪಟ್ಟಿ ಲಗತ್ತಿಸಬೇಕು ಅಂದರೆ ನಮ್ಮಂಥವರ ಅರ್ಜಿ ಬಾಗಿಲಲ್ಲೇ ನಿಲ್ಲುತ್ತದೆ. ಪಟ್ಟಿಯ ಬದಲು ಈ ಪ್ರಶ್ನೆ ನಿಮಗೆ ಎಲ್ಲಿ ಹುಟ್ಟಿತು ಅಂತ ಕೇಳಿ ನೋಡಿ. ಅರ್ಜಿ ಎರಡು ಪುಟದಲ್ಲಿ ಮುಗಿಯಲಿ. ಎಷ್ಟೋ ಸಂಶೋಧನಾ ಪತ್ರಿಕೆಗಳನ್ನು ಓದಲು ನಮಗೆ ದಾರಿಯೇ ಇಲ್ಲ, ಒಂದೊಂದು ಲೇಖನಕ್ಕೂ ದುಡ್ಡು ಕೇಳುತ್ತಾರೆ. ಅನುದಾನದ ಜೊತೆ ಒಂದು ಗ್ರಂಥಾಲಯದ ಲಾಗಿನ್ ಕೊಟ್ಟರೆ ಎಷ್ಟು ಉಪಕಾರ ಗೊತ್ತಾ?

ಒಂದು ವಿಷಯದಲ್ಲಿ ಮಾತ್ರ ಬಿಗಿ ಬೇಕು, ಜಾಸ್ತಿನೇ ಬೇಕು. ಒಪ್ಪಿಗೆಯ ವಿಷಯ. ನನ್ನಿಂದ ಸಹಾಯ ಪಡೆಯುತ್ತಿರುವ ತಾಯಿಯ ಹತ್ತಿರ ನಾನೇ ಹೋಗಿ, ನಿಮ್ಮ ಫೈಲನ್ನು ಸಂಶೋಧನೆಗೆ ಬಳಸಲಾ ಅಂತ ಕೇಳಿದರೆ ಆಕೆ ಇಲ್ಲ ಅನ್ನುತ್ತಾಳಾ? ಇಲ್ಲ ಅಂದರೆ ಎಲ್ಲಿ ಸಹಾಯ ನಿಂತುಬಿಡುತ್ತದೋ ಅನ್ನುವ ಹೆದರಿಕೆ ಇರುತ್ತದೆ. ಹಾಗಾಗಿ ಆ ಮಾತನ್ನು ಕೇಸಿಗೆ ಸಂಬಂಧವಿಲ್ಲದ ಇನ್ನೊಬ್ಬರು ಹೋಗಿ ಕೇಳಬೇಕು. ಆ ಇನ್ನೊಬ್ಬರ ಸಮಯಕ್ಕೂ ಬಜೆಟ್ಟಿನಲ್ಲಿ ಜಾಗ ಬೇಕು. ಹಾಗೆಯೇ ಫಲಿತಾಂಶ ಕೆಟ್ಟದಾಗಿ ಬಂದರೂ ಅದನ್ನು ಹೊರಗೆ ಹೇಳುವ ಹಕ್ಕು ಕಾರ್ಯಕರ್ತರಿಗೆ ಇರಬೇಕು, ಒಪ್ಪಂದದಲ್ಲೇ ಬರೆದಿರಬೇಕು. ಇಲ್ಲದಿದ್ದರೆ ಮುಂದಿನ ವರ್ಷದ ಅನುದಾನದ ಭಯಕ್ಕೆ ಸಂಸ್ಥೆಯೇ ಅದನ್ನು ಕಪಾಟಿನಲ್ಲಿಡುತ್ತದೆ. ಕಪಾಟಿನಲ್ಲಿ ಹಾಗೆ ಕೂತ ವರದಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಂತರರಾಷ್ಟ್ರೀಯ ಸಮಾಜ ಕಾರ್ಯಕರ್ತರ ಒಕ್ಕೂಟ 2014ರಲ್ಲಿ ಒಪ್ಪಿದ ವ್ಯಾಖ್ಯಾನದ ಮೊದಲ ವಾಕ್ಯದಲ್ಲೇ ಸಮಾಜಕಾರ್ಯ ಒಂದು ವೃತ್ತಿಯೂ ಹೌದು, ಜ್ಞಾನಶಾಖೆಯೂ ಹೌದು ಅಂತಿದೆ. ಆ ವೃತ್ತಿಗೆ ಆಧಾರ ಫೀಲ್ಡಿನ ಕೆಲಸವೇ ಅಂತಲೂ ಇದೆ. ಕಾಗದದ ಮೇಲೆ ಇಷ್ಟು ಚೆನ್ನಾಗಿ ಬರೆದುಕೊಂಡಿದ್ದೇವೆ. ಬಜೆಟ್ ಶೀಟಿನಲ್ಲಿ ಅದು ಯಾವ ಸಾಲಿನಲ್ಲಿದೆ ಅಂತ ನಾನು ಹುಡುಕುತ್ತಲೇ ಇದ್ದೇನೆ.

ಅಕ್ಕ ನಿವೃತ್ತಿಯಾದರು. ಹೋಗುವ ದಿನ ಆ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು. "ನಿಂಗೆ ಟೈಮ್ ಸಿಕ್ಕಿದ್ರೆ ನೋಡು" ಅಂದರು, ಅಷ್ಟೇ. ಈ ತಿಂಗಳು ನಾನೊಂದು ಸಣ್ಣ ಅನುದಾನಕ್ಕೆ ಅರ್ಜಿ ಹಾಕುತ್ತಿದ್ದೇನೆ. ಬಜೆಟ್ಟಿನ ಮೊದಲ ಸಾಲಿನಲ್ಲಿ ಹೀಗೆ ಬರೆದಿದ್ದೇನೆ: ಬದಲಿ ಕಾರ್ಯಕರ್ತರ ಸಂಬಳ, ವಾರಕ್ಕೆ ಒಂದು ದಿನ. ಅವರ ಫಾರ್ಮಿನಲ್ಲಿ ಅಂಥ ಕಾಲಂ ಇರಲಿಲ್ಲ. 'ಇತರೆ' ಅಂತ ಇದ್ದ ಕಡೆ ಹೊಡೆದು ಹಾಕಿ, ಅದರ ಮೇಲೆ ಬರೆದೆ.