ಕಾಯುವ ಹೊತ್ತಿಗೆ ಕೂಲಿ ಯಾರು ಕೊಡಬೇಕು?

ಪ್ರಶ್ನೆ: ಆ್ಯಪ್ ಕಂಪನಿಗಳ ಮೂಲಕ ದುಡಿಯುವವರಿಗೆ ಗಂಟೆಗೆ ಕನಿಷ್ಠ ಇಷ್ಟು ಸಿಗಲೇಬೇಕು ಎಂದು ಸರ್ಕಾರ ಗೊತ್ತುಮಾಡಬೇಕೇ?

ಪರ: ಕಾಯುವುದೂ ಕೆಲಸವೇ

ಫೋನಿನಲ್ಲಿ ಲಾಗಿನ್ ಆಗಿ ಕೂತಿದ್ದೀರಿ. ಆರ್ಡರ್ ಬಂದಿಲ್ಲ. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಕಣ್ಣು ಮುಚ್ಚುವ ಹಾಗಿಲ್ಲ, ಬೇರೆ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ. ಆರ್ಡರ್ ಬಂದರೆ ಕೆಲವೇ ಸೆಕೆಂಡಿನಲ್ಲಿ ಒಪ್ಪಿಕೊಳ್ಳಬೇಕು, ಇಲ್ಲವಾದರೆ ಅದು ಇನ್ನೊಬ್ಬರ ಪಾಲು. ಈ ಇಪ್ಪತ್ತು ನಿಮಿಷ ಯಾರದು? ನಿಮ್ಮದೋ, ಕಂಪನಿಯದೋ? ಈ ಕೆಲಸದ ಕೂಲಿಯ ಬಗ್ಗೆ ಎಷ್ಟೇ ಮಾತು ಬೆಳೆದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ.

ಅದು ನಿಮ್ಮದು ಅನ್ನುತ್ತವೆ ಕಂಪನಿಗಳು. ನೀವು ನಮ್ಮ ನೌಕರರಲ್ಲ, ಸ್ವತಂತ್ರವಾಗಿ ವ್ಯವಹಾರ ಮಾಡುವವರು, ಬೇಕಾದಾಗ ಬನ್ನಿ, ಬೇಡವಾದಾಗ ಹೋಗಿ ಅನ್ನುತ್ತವೆ. ಆದರೆ ಅದೇ ಕಂಪನಿ ಗ್ರಾಹಕರಿಗೆ ಏನು ಮಾರುತ್ತಿದೆ ನೋಡಿ. ಐದು ನಿಮಿಷದಲ್ಲಿ ಗಾಡಿ ಬರುತ್ತದೆ ಎಂಬ ಭರವಸೆಯನ್ನು ಮಾರುತ್ತಿದೆ. ಆ ಭರವಸೆ ಉಳಿಯುವುದು ಹೇಗೆ? ಸುತ್ತಮುತ್ತ ಹತ್ತಾರು ಜನ ಖಾಲಿ ಕೂತು ಕಾಯುತ್ತಿರುವುದರಿಂದ, ಅಲ್ವಾ? ಅವರು ಕಾಯದೇ ಹೋದರೆ ಗ್ರಾಹಕರೇ ಕಾಯಬೇಕಾಗುತ್ತದೆ. ಅಂದರೆ ಕಂಪನಿ ಮಾರುತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಈ ಕಾಯುವಿಕೆಯೇ. ಮಾರಿದ ದುಡ್ಡು ಕಂಪನಿಗೆ, ಕಾದ ಹೊತ್ತು ಬಿಟ್ಟಿ ಚಾಕರಿ. ಬೆಂಕಿ ಆರಿಸುವವರಿಗೆ ಬೆಂಕಿ ಬಿದ್ದ ಹೊತ್ತಿಗೆ ಮಾತ್ರ ಸಂಬಳ ಅಂದರೆ ನಾವು ಒಪ್ಪುತ್ತೇವಾ?

ಈ ಹೊತ್ತನ್ನು ಅಳೆಯಲು ಆಗುವುದಿಲ್ಲ ಅನ್ನುವವರಿದ್ದಾರೆ. ನ್ಯೂಯಾರ್ಕ್ ನಗರ ಅಳೆದು ತೋರಿಸಿದೆ. ಅಲ್ಲಿ ಟ್ಯಾಕ್ಸಿಗಳನ್ನು ನೋಡಿಕೊಳ್ಳುವ ಆಯೋಗ 2018ರಲ್ಲಿ ಅಧ್ಯಯನ ಮಾಡಿಸಿದಾಗ, ಆ್ಯಪ್ ಚಾಲಕರು ದುಡಿಯುವ ಹೊತ್ತಿನಲ್ಲಿ ಗಾಡಿಯೊಳಗೆ ಪ್ರಯಾಣಿಕರು ಇರುತ್ತಿದ್ದದ್ದು ನೂರಕ್ಕೆ ಸುಮಾರು 58 ಪಾಲು ಮಾತ್ರ ಎಂದು ಗೊತ್ತಾಯಿತು. ನೂರು ನಿಮಿಷದಲ್ಲಿ 42 ನಿಮಿಷ ಖಾಲಿ. ಆಯೋಗ ಒಂದು ಜಾಣ ಲೆಕ್ಕ ಹಾಕಿತು. ಮೈಲಿಗೆ ಇಷ್ಟು, ನಿಮಿಷಕ್ಕೆ ಇಷ್ಟು ಎಂದು ದರ ಗೊತ್ತುಮಾಡಿ, ಅದನ್ನು ಈ ಶೇ. 58ರಿಂದ, ಅಂದರೆ 0.58ರಿಂದ ಭಾಗಿಸಿತು. ಗಾಡಿಗಳು ಜಾಸ್ತಿ ಹೊತ್ತು ಖಾಲಿ ನಿಂತರೆ ಒಂದೊಂದು ಟ್ರಿಪ್ಪಿಗೂ ಕೊಡಬೇಕಾದ ದುಡ್ಡು ಏರುತ್ತದೆ. ಕಡಿಮೆ ಹೊತ್ತು ನಿಂತರೆ ಇಳಿಯುತ್ತದೆ. ಖರ್ಚು ಕಳೆದು ಗಂಟೆಗೆ 17.22 ಡಾಲರ್ ಕೈಗೆ ಬರುವಂತೆ 2019ರ ಫೆಬ್ರವರಿಯಲ್ಲಿ ಇದು ಜಾರಿಗೆ ಬಂತು. ನನಗೆ ಇದರಲ್ಲಿ ಇಷ್ಟವಾಗುವುದು ಮೊತ್ತವಲ್ಲ. ಬೇಕಾಬಿಟ್ಟಿಯಾಗಿ ಗಾಡಿಗಳನ್ನು ರಸ್ತೆಗೆ ಬಿಟ್ಟರೆ ಅದರ ನಷ್ಟ ಚಾಲಕನ ಹೊಟ್ಟೆಯ ಮೇಲೆ ಬೀಳದೆ ಕಂಪನಿಯ ತಲೆಯ ಮೇಲೆ ಬೀಳುತ್ತದಲ್ಲ, ಅದು.

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. ಒಪ್ಪಂದದ ಕಾಗದದಲ್ಲಿ ಏನು ಬರೆದಿದೆ ಎಂಬಲ್ಲಿಗೆ ಕೋರ್ಟು ನಿಲ್ಲಲಿಲ್ಲ. ಬಾಡಿಗೆ ಗೊತ್ತುಮಾಡುವವರು ಯಾರು? ಷರತ್ತು ಬರೆಯುವವರು ಯಾರು? ಟ್ರಿಪ್ ಬೇಡ ಅಂದವರ ಮೇಲೆ ಕ್ರಮ ತೆಗೆದುಕೊಳ್ಳುವವರು ಯಾರು? ರೇಟಿಂಗ್ ನೋಡಿ ಕೆಲಸದಿಂದ ತೆಗೆಯುವವರು ಯಾರು? ಎಲ್ಲದಕ್ಕೂ ಉತ್ತರ ಒಂದೇ ಆಗಿತ್ತು. ಹಾಗಾಗಿ ಇವರಿಗೆ ಕನಿಷ್ಠ ವೇತನದ ಹಕ್ಕಿದೆ ಎಂದಿತು ಕೋರ್ಟು. ತಮಗೆ ಪರವಾನಗಿ ಇರುವ ಪ್ರದೇಶದಲ್ಲಿ ಲಾಗಿನ್ ಆಗಿ ಟ್ರಿಪ್ಪಿಗೆ ತಯಾರಿರುವ ಹೊತ್ತೆಲ್ಲ ಕೆಲಸದ ಹೊತ್ತೇ ಎಂದೂ ಹೇಳಿತು.

ಇದರ ಪಕ್ಕದಲ್ಲಿ ಕ್ಯಾಲಿಫೋರ್ನಿಯಾವನ್ನು ಇಟ್ಟು ನೋಡಿ. ಚಾಲಕರನ್ನು ನೌಕರರೆಂದು ಪರಿಗಣಿಸಬೇಕಾದ ಕಾನೂನಿನಿಂದ ಹೊರಗುಳಿಯಲು ಕಂಪನಿಗಳು 2020ರಲ್ಲಿ ಜನಮತಕ್ಕೆ ಒಂದು ಪ್ರಸ್ತಾಪ ಇಟ್ಟವು. ಪ್ರಚಾರಕ್ಕೆ 20 ಕೋಟಿ ಡಾಲರಿಗಿಂತ ಹೆಚ್ಚು ಸುರಿದವು, ಗೆದ್ದವು. ಕನಿಷ್ಠ ವೇತನದ ಶೇ. 120ರಷ್ಟು ಕೊಡುತ್ತೇವೆ ಎಂದು ಅದರಲ್ಲಿತ್ತು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಆ ಲೆಕ್ಕ ಶುರುವಾಗುವುದು ಟ್ರಿಪ್ ಒಪ್ಪಿಕೊಂಡ ಮೇಲೆ, ಮುಗಿಯುವುದು ಇಳಿಸಿದ ಕೂಡಲೇ. ಕಾದ ಹೊತ್ತು ಲೆಕ್ಕಕ್ಕಿಲ್ಲ. ಗಂಟೆಯಲ್ಲಿ ಅರ್ಧ ಹೊತ್ತು ಖಾಲಿ ಕೂತವರಿಗೆ ಆ 120 ಎಂಬುದು 60 ಆಗಿಬಿಡುತ್ತದೆ. ನಾನು ಹೆದರುವುದು ಇಂಥ ಕಾನೂನಿಗೆ. ಹೆಸರು ಕನಿಷ್ಠ ಕೂಲಿಯದು, ಒಳಗೆ ಅದು ಇಲ್ಲ.

ಚೌಕಾಸಿ ಮಾಡಿ ಒಳ್ಳೆಯ ದರ ಪಡೆಯಲಿ, ಸರ್ಕಾರ ಯಾಕೆ ನಡುವೆ ಬರಬೇಕು ಅನ್ನುವುದು ಇನ್ನೊಂದು ಮಾತು. ಯಾರ ಜೊತೆ ಚೌಕಾಸಿ? ಹೊಸ ರೇಟ್ ಕಾರ್ಡ್ ಫೋನಿಗೆ ಬರುತ್ತದೆ, ಕೆಳಗೆ ‘ಒಪ್ಪಿದೆ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತದೆ ಲಾಗಿನ್ ಆಗುವಂತಿಲ್ಲ. ‘ಒಪ್ಪಿಲ್ಲ, ಮಾತಾಡೋಣ’ ಎಂಬ ಗುಂಡಿಯನ್ನು ನಾನಂತೂ ಎಲ್ಲೂ ಕಂಡಿಲ್ಲ. ಗ್ರಾಹಕರಿಂದ ಎಷ್ಟು ವಸೂಲಾಯಿತು, ತನ್ನ ಕೈಗೆ ಎಷ್ಟು ಬಂತು ಎಂಬುದೇ ಎಷ್ಟೋ ಸಲ ದುಡಿದವರಿಗೆ ಗೊತ್ತಾಗುವುದಿಲ್ಲ. ಕಂಪನಿಗಳು ತಾವಾಗಿಯೇ ಸರಿಯಾಗಿ ನಡೆದುಕೊಳ್ಳುತ್ತವೆ ಎಂಬ ನಂಬಿಕೆ ಇದ್ದರೆ ಈ ಎರಡು ಲೆಕ್ಕ ನೋಡಿ. ಡೆಲಿವರಿ ಚಾಲಕರಿಗೆ ಗ್ರಾಹಕರು ಕೊಟ್ಟ ಟಿಪ್ಸ್ ಪೂರ್ತಿ ಅವರಿಗೆ ತಲುಪಿಸದೆ ಹಿಡಿದುಕೊಂಡ ಆರೋಪದ ಮೇಲೆ ಅಮೆಜಾನ್ 2021ರಲ್ಲಿ 6.17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಚಾಲಕರ ಗಳಿಕೆಯಿಂದ ಹಣ ಮುರಿದುಕೊಂಡ ದೂರಿನಲ್ಲಿ ಊಬರ್ ಮತ್ತು ಅದರಂಥದ್ದೇ ಇನ್ನೊಂದು ಟ್ಯಾಕ್ಸಿ ಆ್ಯಪ್ ಕಂಪನಿ ಲಿಫ್ಟ್ 2023ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ ಒಟ್ಟು 32.8 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಎರಡೂ ಕಡೆ ದುಡ್ಡು ವಾಪಸ್ ಬಂದದ್ದು ಸರ್ಕಾರದ ಸಂಸ್ಥೆಗಳು ಬೆನ್ನು ಹತ್ತಿದ್ದರಿಂದ.

ಕೂಲಿ ಏರಿಸಿದರೆ ಕೆಲಸವೇ ಹೋಗುತ್ತದೆ ಎಂಬ ಹೆದರಿಕೆ ಹಳೆಯದು. ಅಮೆರಿಕದಲ್ಲಿ 1938ರಲ್ಲಿ ಗಂಟೆಗೆ 25 ಸೆಂಟ್ ಎಂದು ಮೊದಲ ಸಲ ಇಡೀ ದೇಶಕ್ಕೆ ಗೊತ್ತುಮಾಡಿದಾಗಲೂ ಇದೇ ಮಾತು ಬಂದಿತ್ತು. 1992ರಲ್ಲಿ ನ್ಯೂಜೆರ್ಸಿ ಕನಿಷ್ಠ ವೇತನ ಏರಿಸಿದಾಗ, ಏರಿಸದ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಲೆಕ್ಕ ತೆಗೆದರು. ಫಾಸ್ಟ್ ಫುಡ್ ಅಂಗಡಿಗಳಲ್ಲಿ ಕೆಲಸ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಎಷ್ಟು ಬೇಕಾದರೂ ಏರಿಸಬಹುದು ಅಂತಲ್ಲ. ಏರಿಸಿದ ಕೂಡಲೇ ಎಲ್ಲ ಕುಸಿಯುತ್ತದೆ ಎಂಬುದು ಸುಮ್ನೆ ಹೆದರಿಸುವ ಮಾತು, ಅಷ್ಟೆ. ಅಮೆರಿಕದ ಮಿನಿಯಾಪೊಲಿಸ್ ನಗರ 2024ರಲ್ಲಿ ಚಾಲಕರಿಗೆ ಕನಿಷ್ಠ ದರ ತಂದಾಗ ಊಬರ್, ಲಿಫ್ಟ್ ಎರಡೂ ಊರು ಬಿಡುತ್ತೇವೆ ಅಂದವು. ರಾಜ್ಯ ಸರ್ಕಾರ ಕೂತು ಮಾತಾಡಿ ಮೈಲಿಗೆ 1.28 ಡಾಲರ್, ನಿಮಿಷಕ್ಕೆ 31 ಸೆಂಟ್ ಎಂದು ಕಾನೂನು ಮಾಡಿತು. ಎರಡೂ ಕಂಪನಿ ಅಲ್ಲೇ ಉಳಿದವು.

ವಿರೋಧ: ಗಂಟೆಗೆ ಬೆಲೆ ಕಟ್ಟಿದರೆ ಬಾಗಿಲಿಗೆ ಬೀಗ

ಕಾಯುವುದು ಕೆಲಸವೇ ಎಂಬುದನ್ನು ನಾನು ಒಪ್ಪುತ್ತೇನೆ. ಜಗಳ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಎಷ್ಟು ಹೊತ್ತು ಕಾಯಬೇಕು, ಯಾವಾಗ ಎದ್ದು ಮನೆಗೆ ಹೋಗಬೇಕು ಎಂದು ಇವತ್ತು ತೀರ್ಮಾನಿಸುವವರು ಕಾಯುವವರೇ. ಆ ಹೊತ್ತಿಗೆ ಕಂಪನಿ ದುಡ್ಡು ಕೊಡಬೇಕಾದ ದಿನ, ಆ ತೀರ್ಮಾನವೂ ಕಂಪನಿಯ ಕೈಗೆ ಹೋಗುತ್ತದೆ. ದುಡ್ಡು ಕೊಡುವವರು ಯಾರನ್ನೂ ಸುಮ್ಮನೆ ಕೂರಲು ಬಿಡುವುದಿಲ್ಲ.

ನ್ಯೂಯಾರ್ಕಿನ ಜಾಣ ಲೆಕ್ಕದ ಕಥೆಯನ್ನು ಪೂರ್ತಿ ಹೇಳಬೇಕು. ಖಾಲಿ ಗಾಡಿಗಳು ಜಾಸ್ತಿಯಾದರೆ ಜಾಸ್ತಿ ಕೊಡಬೇಕು ಎಂದಾದಾಗ ಕಂಪನಿಗಳು ಏನು ಮಾಡಿದವು? 2019ರಲ್ಲೇ ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಚಾಲಕರನ್ನು ಆ್ಯಪ್‌ನಿಂದ ಹೊರಗಿಡಲು ಶುರುಮಾಡಿದವು. 2024ರಲ್ಲಿ ಅದು ಮತ್ತೆ ನಡೆಯಿತು. ಒಂದು ಟ್ರಿಪ್ ಮುಗಿಸಿದ ಚಾಲಕ ಮುಂದಿನದಕ್ಕೆ ಲಾಗಿನ್ ಆಗಲು ಹೋದರೆ ಬಾಗಿಲು ಮುಚ್ಚಿರುತ್ತಿತ್ತು. ಗಾಡಿಯ ಸಾಲದ ಕಂತು ತಲೆಯ ಮೇಲಿರುವಾಗ ಆತ ಮನೆಗೆ ಹೋಗುತ್ತಾನಾ? ಇಲ್ಲ, ಬಾಗಿಲು ತೆರೆಯಲಿ ಎಂದು ರಸ್ತೆ ಬದಿಯಲ್ಲಿ ಕಾಯುತ್ತಾನೆ. ಅದೇ ರಸ್ತೆ, ಅದೇ ಸೀಟು, ಅದೇ ಕಾಯುವಿಕೆ. ಮೊದಲು ಅದು ದುಡ್ಡಿಲ್ಲದ ಕಾಯುವಿಕೆಯಾಗಿತ್ತು, ಈಗ ಲೆಕ್ಕಕ್ಕೂ ಸಿಗದ ಕಾಯುವಿಕೆ.

ಇದನ್ನು ಕಂಪನಿಗಳ ಕುತಂತ್ರ ಎಂದು ಬೈಯಬಹುದು. ಆದರೆ ಕಂಪನಿಯವರು ದೇವರಂಥವರಾಗಿದ್ದರೂ ಇದನ್ನೇ ಮಾಡಬೇಕಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಯಾಕೆ ಅಂದರೆ ಇದು ಯಾರು ಬೇಕಾದರೂ ಒಳಗೆ ಬರಬಹುದಾದ ಕೆಲಸ. ಗಂಟೆಗೆ ಖಾತರಿ ದುಡ್ಡು ಸಿಗುತ್ತದೆ ಅಂದರೆ ಇನ್ನಷ್ಟು ಜನ ಬರುತ್ತಾರೆ, ಬರಲೇಬೇಕು. ಆರ್ಡರುಗಳು ಮಾತ್ರ ಅಷ್ಟೇ ಇರುತ್ತವೆ. ಬೆಲೆ ಏರಿದರೆ ಇನ್ನೂ ಕಡಿಮೆಯಾಗುತ್ತವೆ. ಆಗ ಇರುವುದು ಎರಡೇ ದಾರಿ. ಒಬ್ಬೊಬ್ಬರೂ ಜಾಸ್ತಿ ಹೊತ್ತು ಕಾಯಬೇಕು, ಇಲ್ಲವೇ ಬಾಗಿಲಲ್ಲಿ ಯಾರನ್ನಾದರೂ ತಡೆಯಬೇಕು. ನ್ಯೂಜೆರ್ಸಿಯ ಅಂಗಡಿಗಳ ಅಧ್ಯಯನವನ್ನು ಇಲ್ಲಿಗೆ ತಂದು ಹೊಂದಿಸುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಎಷ್ಟು ಜನ, ಯಾವ ಪಾಳಿ ಎಂದು ಮಾಲೀಕ ಮೊದಲೇ ಗೊತ್ತುಮಾಡಿರುತ್ತಾನೆ. ಅಲ್ಲಿಯ ಬಾಗಿಲು ಮೊದಲಿನಿಂದಲೂ ಮುಚ್ಚಿದ್ದೇ.

ಹಾಗೆ ತಡೆದಾಗ ಹೊರಗೆ ನಿಲ್ಲುವವರು ಯಾರು? ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಆರು ದಿನ ಓಡಿಸುವವರಿಗೆ ಮೊದಲ ಜಾಗ ಸಿಗುತ್ತದೆ, ಅವರ ದಾಖಲೆ ಚೆನ್ನಾಗಿರುತ್ತದೆ. ಕಾಯಿಲೆ ಬಿದ್ದ ತಂದೆಯನ್ನು ನೋಡಿಕೊಳ್ಳುತ್ತಾ ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಂಡವಳಿಗೆ, ಕೆಲಸ ಕಳೆದುಕೊಂಡು ಮುಂದಿನದು ಸಿಗುವವರೆಗೆ ಮನೆ ನಡೆಸಬೇಕಾದವನಿಗೆ, ಊರಿಗೆ ಹೊಸದಾಗಿ ಬಂದು ಭಾಷೆ ಇನ್ನೂ ಕಲಿಯುತ್ತಿರುವವನಿಗೆ ಜಾಗ ಇಲ್ಲ. ಸಂದರ್ಶನ ಇಲ್ಲ, ಶಿಫಾರಸು ಇಲ್ಲ, ಸರ್ಟಿಫಿಕೇಟಿನ ಹಂಗಿಲ್ಲ. ಇಂಥ ಕೆಲಸಗಳು ಎಷ್ಟಿವೆ ಹೇಳಿ? ಅಂಥದ್ದೊಂದು ಬಾಗಿಲನ್ನು ಮುಚ್ಚುವ ಮೊದಲು ನೂರು ಸಲ ಯೋಚಿಸಬೇಕು.

ಇನ್ನೊಂದು ಗಂಟು ಇದೆ, ಅದನ್ನು ಬಿಡಿಸಿ ತೋರಿಸಿದವರನ್ನು ನಾನು ನೋಡಿಲ್ಲ. ಎಷ್ಟೋ ಜನ ಒಂದೇ ಸಮಯಕ್ಕೆ ಎರಡು ಮೂರು ಆ್ಯಪ್‌ಗಳಲ್ಲಿ ಲಾಗಿನ್ ಆಗಿರುತ್ತಾರೆ. ಯಾವುದರಲ್ಲಿ ಒಳ್ಳೆಯ ಆರ್ಡರ್ ಬರುತ್ತದೋ ಅದನ್ನು ಹಿಡಿಯುತ್ತಾರೆ. ಈ ಕೆಲಸದಲ್ಲಿ ಅವರಿಗಿರುವ ನಿಜವಾದ ಚೌಕಾಸಿ ಇದೇ. ಆಗ ಕಾದ ಹತ್ತು ನಿಮಿಷದ ಕೂಲಿ ಯಾವ ಕಂಪನಿ ಕೊಡಬೇಕು? ಮೂರೂ ಕೊಟ್ಟರೆ ಅದು ಮೂರು ಪಟ್ಟಾಯಿತು. ಒಂದೇ ಕೊಡಬೇಕು ಅಂದರೆ, ಉಳಿದ ಎರಡನ್ನು ಮುಚ್ಚು ಎಂದು ಅದು ಹೇಳಿಯೇ ಹೇಳುತ್ತದೆ. ಬ್ರಿಟನ್ನಿನ ಕೋರ್ಟೂ ಈ ತೊಡಕನ್ನು ಮುಟ್ಟಿ, ಲಂಡನ್ನಿನಲ್ಲಿ ಆಗ ಊಬರಿಗೆ ಸಮನಾದ ಬೇರೆ ಸೇವೆ ಇತ್ತೇ ಎಂಬುದರ ಮೇಲೆ ಕಾದ ಹೊತ್ತು ಕೆಲಸದ ಹೊತ್ತೇ ಎಂಬ ತೀರ್ಮಾನ ನಿಂತಿದೆ ಎಂಬ ದಾರಿಯಲ್ಲಿ ಸಾಗಿತು.

ನ್ಯೂಯಾರ್ಕಿನಲ್ಲಿ ಊಟ ತಲುಪಿಸುವವರ ವಿಷಯವನ್ನೂ ನೋಡೋಣ. ಕಾನೂನು ಬರುವ ಮೊದಲು, 2022ರಲ್ಲಿ ನಗರವೇ ಮಾಡಿದ ಲೆಕ್ಕದಲ್ಲಿ ಅವರಿಗೆ ಗಂಟೆಗೆ ಸಿಗುತ್ತಿದ್ದದ್ದು 14.18 ಡಾಲರ್. ಅದರಲ್ಲಿ ಅರ್ಧ ಟಿಪ್ಸ್. 2023ರ ಡಿಸೆಂಬರಿನಲ್ಲಿ ಗಂಟೆಗೆ 17.96 ಡಾಲರ್ ಕನಿಷ್ಠ ದರ ಜಾರಿಗೆ ಬಂದ ಮೇಲೆ ದೊಡ್ಡ ಕಂಪನಿಗಳು ಟಿಪ್ಸ್ ಕೊಡುವ ಗುಂಡಿಯನ್ನು ಆರ್ಡರ್ ಮುಗಿದ ನಂತರದ ಜಾಗಕ್ಕೆ ತಳ್ಳಿದವು. ಟಿಪ್ಸ್ ಕುಸಿಯಿತು. ಗಂಟೆಯ ಒಟ್ಟು ಸಂಪಾದನೆ ಏರಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಗಂಟೆ ಎಲ್ಲರಿಗೂ ಸಿಗಬೇಕಲ್ಲ! ಅಮೆರಿಕದ ಇನ್ನೊಂದು ನಗರ ಸಿಯಾಟಲ್‌ನಲ್ಲಿ 2024ರ ಜನವರಿಯಲ್ಲಿ ಇಂಥದ್ದೇ ನಿಯಮ ಬಂದಾಗ ಕಂಪನಿಗಳು ಆರ್ಡರಿಗೆ ಸುಮಾರು 5 ಡಾಲರ್ ಹೊಸ ಶುಲ್ಕ ಹೇರಿದವು. ಆರ್ಡರುಗಳು ಇಳಿದವು. ಅಲ್ಲಿ ದುಡಿಯುವವರೇ ಕೆಲವರು ಕಾನೂನು ಬದಲಿಸಿ ಎಂದು ಕೇಳಿದರು.

ಹಾಗಾದರೆ ಸರ್ಕಾರ ಕೈಕಟ್ಟಿ ಕೂರಬೇಕಾ? ಖಂಡಿತ ಬೇಡ. ಟಿಪ್ಸ್ ನುಂಗುವುದು ಕಳ್ಳತನ, ಅದಕ್ಕೆ ಶಿಕ್ಷೆ ಆಗಲಿ. ಗ್ರಾಹಕರಿಂದ ಎಷ್ಟು ಬಂತು, ದುಡಿದವರಿಗೆ ಎಷ್ಟು ಹೋಯಿತು ಎಂದು ಪ್ರತಿ ಆರ್ಡರಿನಲ್ಲೂ ಇಬ್ಬರಿಗೂ ತೋರಿಸುವುದು ಕಡ್ಡಾಯವಾಗಲಿ. ಅಪಘಾತ ವಿಮೆ, ಆಸ್ಪತ್ರೆ ಖರ್ಚು, ಮುಪ್ಪಿನ ಪಿಂಚಣಿ ಕಂಪನಿಗೆ ಅಂಟದೆ ವ್ಯಕ್ತಿಯ ಜೊತೆಗೇ ಇರಲಿ. ಇಂದು ಒಂದು ಆ್ಯಪ್, ನಾಳೆ ಇನ್ನೊಂದು ಆದರೂ ಅದು ಮುರಿಯಬಾರದು. ಭಾರತದಲ್ಲಿ ರಾಜಸ್ಥಾನ 2023ರಲ್ಲಿ ಹಿಡಿದ ದಾರಿ, ಕರ್ನಾಟಕ 2025ರಲ್ಲಿ ಹಿಡಿದ ದಾರಿ ಇಂಥದ್ದು. ಕರ್ನಾಟಕದ ಕಾನೂನಿನಲ್ಲಿ ದುಡಿದವರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ಅದು ಒಂದು ನಿಧಿಗೆ ಹೋಗುತ್ತದೆ. ಇಲ್ಲಿ ಕಂಪನಿಗೆ ಯಾರನ್ನೂ ಬಾಗಿಲಲ್ಲಿ ತಡೆಯುವ ಆಸೆ ಹುಟ್ಟುವುದಿಲ್ಲ. ಕಟ್ಟುವ ದುಡ್ಡು ಗಂಟೆಯ ಮೇಲಲ್ಲ, ನಡೆದ ಕೆಲಸದ ಮೇಲೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಐಡಿ ಬ್ಲಾಕ್ ಮಾಡುವ ವಿಷಯದಲ್ಲಿ. ಬೆಳಗ್ಗೆ ಎದ್ದು ನೋಡಿದರೆ ಲಾಗಿನ್ ಆಗುವುದಿಲ್ಲ. ಕಾರಣ ಗೊತ್ತಿಲ್ಲ, ಕೇಳಿದರೆ ಯಂತ್ರವೇ ಉತ್ತರ ಕೊಡುತ್ತದೆ. ಆ ತಿಂಗಳ ಬಾಡಿಗೆ ಕಟ್ಟುವುದು ಹೇಗೆ ಎಂದು ಯಂತ್ರವನ್ನು ಕೇಳಲಾಗುವುದಿಲ್ಲ. ಯುರೋಪ್ ಒಕ್ಕೂಟ 2024ರಲ್ಲಿ ತಂದ ನಿರ್ದೇಶನದಲ್ಲಿ ಖಾತೆ ಮುಚ್ಚುವಂಥ ತೀರ್ಮಾನವನ್ನು ಮನುಷ್ಯರೇ ತೆಗೆದುಕೊಳ್ಳಬೇಕು ಎಂದಿದೆ, ಕಾರಣವನ್ನು ಬರಹದಲ್ಲಿ ಕೊಡಬೇಕು ಎಂದಿದೆ. ಸದಸ್ಯ ದೇಶಗಳು 2026ರ ಡಿಸೆಂಬರಿನೊಳಗೆ ಇದನ್ನು ತಮ್ಮ ಕಾನೂನಿಗೆ ತರಬೇಕು. ಗಂಟೆಯ ಬೆಲೆಯ ಬಗ್ಗೆ ನಾವು ಇನ್ನೂ ಹತ್ತು ವರ್ಷ ವಾದ ಮಾಡಬಹುದು. ಐಡಿ ಬ್ಲಾಕ್ ಆದವರ ಫೋನನ್ನು ಮನುಷ್ಯರೊಬ್ಬರು ಎತ್ತಬೇಕು ಎಂಬ ನಿಯಮವನ್ನು ಯಾವ ದೇಶವಾದರೂ ಈ ವರ್ಷವೇ ತರಬಹುದು.